ನಮ್ಮ ಅತ್ತೆಯವರ ಎರಡನೇ ವರ್ಷದ ಪೋರ್ಚುಗೀಸ್

ಮದುವೆಯಾಗಿ ಹೋಗುವ ಹುಡುಗಿಗೆ ಅತ್ತೆಯಿಂದ ಏನೇನು ಆಘಾತಗಳಾಗಬಹುದೋ ಅವನ್ನೆಲ್ಲ ನಮ್ಮವ್ವ ಮೊದಲೇ ಹೇಳಿ, ನನ್ನ ಎದೆ ಗಟ್ಟಿ ಮಾಡಿಯೇ ಕಳಿಸಿದ್ದಳು. ರೊಟ್ಟಿ ದಪ್ಪಾಯಿತು ಅನ್ನುತ್ತಾರೆ, ಸುಮ್ಮನಿರು. ತವರಿನಿಂದ ಏನು ತಂದೆ ಅನ್ನುತ್ತಾರೆ, ಕೇಳಿಸದವಳಂತೆ ಇರು. ನನ್ನ ಮಗನನ್ನು ಕುಣಿಸುತ್ತೀ ಅನ್ನುತ್ತಾರೆ, ನಕ್ಕುಬಿಡು. ಪಾಪ, ಅವಳಿಗಾದರೂ ಏನು ಗೊತ್ತು? ಅವಳು ಹೇಳಿಕೊಟ್ಟ ಆಘಾತಗಳಲ್ಲಿ ಪೋರ್ಚುಗೀಸ್ ಇರಲಿಲ್ಲ!

ಹೌದು, ಪೋರ್ಚುಗೀಸ್. ನೀವು ಸರಿಯಾಗಿಯೇ ಓದಿದ್ದೀರಿ. ಧಾರವಾಡದಲ್ಲಿ ಹುಟ್ಟಿ, ಧಾರವಾಡದಲ್ಲೇ ಮದುವೆಯಾಗಿ, ಹುಬ್ಬಳ್ಳಿಯಲ್ಲಿ ಹತ್ತಿ ದಲಾಲಿ ಮಾಡುವವರ ಹೆಂಡತಿಯಾಗಿ, ಹಣೆಗೆ ವಿಭೂತಿ ಹಚ್ಚಿ, ಸೋಮವಾರ ಒಪ್ಪತ್ತು ಮಾಡುವ ನಮ್ಮ ಅತ್ತೆ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ವಿದ್ಯಾರ್ಥಿನಿ. ಅದೂ ಒಂದು ವರ್ಷದ ಸರ್ಟಿಫಿಕೇಟ್ ತಗೊಂಡು, ಗೋಡೆಗೆ ತೂಗುಹಾಕಿ, ಬಂದವರಿಗೆ ತೋರಿಸಿ ಸುಮ್ಮನಾಗುವ ಪೈಕಿ ಅಲ್ಲ. ಎರಡನೇ ವರ್ಷದ ಡಿಪ್ಲೊಮಾ ಮಾಡಿಯೇ ತೀರುತ್ತೇನೆಂದು ಸೆರಗು ಬಿಗಿದು ನಿಂತವರು!

ಅವರು ನನ್ನನ್ನು ನೋಡಲು ಹೆಬ್ಬಳ್ಳಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ. ನಾನು ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದೆ. ಅವ್ವ ಬಾಗಿಲ ಮರೆಯಲ್ಲಿ ನಿಂತು ದೇವರ ಹೆಸರು ಹೇಳುತ್ತಿದ್ದಳು. ಅಡಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳಿಯಾರು ಅಂತ ನಾನು ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಅತ್ತೆ ಕೇಳಿದ್ದೇ ಬೇರೆ.

"ಎಷ್ಟ್ ಓದೀಯವಾ?"

"ಬಿ.ಎ. ಆಗೇತ್ರಿ."

"ಮುಂದ ಓದೂ ಮನಸೈತೇನು?"

ನನಗೆ ಗಾಬರಿ. ಅವ್ವನ ಕಡೆ ನೋಡಿದೆ. ಅವಳಿಗೂ ಗಾಬರಿ! "ನೀವು ಹ್ಞೂಂ ಅಂದ್ರ ಓದ್ತೇನ್ರಿ" ಅಂದೆ.

"ನಾ ಹ್ಞೂಂ ಅಂದೆ. ಮಳಿಗಾಲಕ್ಕ ಕ್ಲಾಸ್ ಸುರು ಆಗ್ತಾವು" ಅಂದು ಅತ್ತೆ ಅವಲಕ್ಕಿಗೆ ಕೈ ಹಾಕಿದರು. ಮದುವೆ ಗಟ್ಟಿಯಾಯಿತು.

ಇಡೀ ಹೆಬ್ಬಳ್ಳಿಯಲ್ಲಿ ಅದೇ ಮಾತು. ಸೊಸೆಯನ್ನು ಮುಂದೆ ಓದಿಸುವ ಅತ್ತೆಯಂತೆ! ಇಂಥವರು ಈ ಕಾಲದಲ್ಲೂ ಇದ್ದಾರೆಯೇ? ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಎಂ.ಎ. ಕನಸು ಕಾಣುತ್ತ ಅಕ್ಕಿಯ ಸೇರು ಒದ್ದು ಒಳಗೆ ಬಂದೆ. ಆ ವಾರವೇ ಗೊತ್ತಾಯಿತು ನೋಡಿ, ಅತ್ತೆ ಹೆಬ್ಬಳ್ಳಿಗೆ ಸೊಸೆ ಹುಡುಕಲು ಬಂದಿರಲಿಲ್ಲ, ಕ್ಲಾಸಿಗೆ ಜನ ಹುಡುಕಲು ಬಂದಿದ್ದರು! ನನಗಿಂತ ಮೊದಲು ನೋಡಿದ ಹುಡುಗಿ ನನಗಿಂತ ಬೆಳ್ಳಗಿದ್ದಳಂತೆ, ಉದ್ದ ಜಡೆಯವಳಂತೆ. "ಓದೂದು ಸಾಕಾಗೇತ್ರಿ" ಅಂದದ್ದೇ ಅವಳ ತಪ್ಪಾಯಿತು.

ವಿಷಯ ಇಷ್ಟು. ಎರಡನೇ ವರ್ಷದ ಪೋರ್ಚುಗೀಸ್ ತರಗತಿ ನಡೆಯಬೇಕಾದರೆ ಕನಿಷ್ಠ ನಾಲ್ಕು ಜನ ಬೇಕೆಂದು ವಿಭಾಗದ ನಿಯಮ. ಒಬ್ಬರು ಕಡಿಮೆಯಾದರೂ ತರಗತಿಗೆ ಬೀಗ. ಮೊದಲ ವರ್ಷಕ್ಕೇನೋ ಪ್ರತಿ ಸಲ ಜನ ಬರುತ್ತಿದ್ದರು. ಗೋವಾಕ್ಕೆ ಹೋಗಿ ಬರುವವರು, ಹೊತ್ತು ಹೋಗದವರು, ಹೆಸರಿನ ಮುಂದೆ ಒಂದು ಬಿರುದು ಇರಲಿ ಅನ್ನುವವರು. ನಮಸ್ಕಾರ, ನನ್ನ ಹೆಸರು ಇಂಥದು, ಗಂಟೆ ಎಷ್ಟು, ಇಷ್ಟು ಕಲಿತು ಎಲ್ಲರೂ ಮನೆ ಸೇರುತ್ತಿದ್ದರು. ಎರಡನೇ ವರ್ಷದ ತರಗತಿ ಎಷ್ಟೋ ವರ್ಷಗಳಿಂದ ನಡೆದೇ ಇರಲಿಲ್ಲ. ಅದನ್ನು ನಡೆಸಿಯೇ ತೀರಬೇಕೆಂಬುದು ಅತ್ತೆಯ ಹಟ. ಯಾಕೆ ಅಂತ ಕೇಳಿದರೆ, "ಅರ್ಧಾ ಬೆಂದ ರೊಟ್ಟಿ ಯಾರರ ತಾಟಿಗೆ ಹಾಕ್ತಾರೇನ?" ಅನ್ನುತ್ತಿದ್ದರು.

ಇಷ್ಟಕ್ಕೂ ಅವರು ಮೊದಲ ವರ್ಷ ಸೇರಿದ್ದಾದರೂ ಹೇಗೆ? ಅದನ್ನು ನನ್ನ ಯಜಮಾನರು ಹೇಳಿದರು. ಅವರದೊಂದು ಪ್ರಮಾಣಪತ್ರ ತರಲು ಅತ್ತೆ ವಿಶ್ವವಿದ್ಯಾಲಯಕ್ಕೆ ಹೋಗಿದ್ದರಂತೆ. ಉರಿ ಬಿಸಿಲು, ಉದ್ದ ಪಾಳಿ. ನಿಂತು ನಿಂತು ಕಾಲು ಸೋತು ಕಿಟಕಿಯ ಹತ್ತಿರ ಬಂದಾಗ ಒಳಗಿದ್ದ ಕಾರಕೂನ, "ಇದು ಪೋರ್ಚುಗೀಸ್ ಅರ್ಜಿ ಪಾಳಿ ರೀ, ನಿಮ್ದು ಆ ಕಡೆ" ಅಂದ. ನೀವಾಗಲಿ ನಾನಾಗಲಿ ಆಗಿದ್ದರೆ ಹಣೆ ಚಚ್ಚಿಕೊಂಡು ಆ ಕಡೆ ಹೋಗುತ್ತಿದ್ದೆವು. ಆದರೆ ನಮ್ಮದು ದಲಾಲಿ ಮನೆತನ. ಪೇಟೆಗೆ ಹೋದವರು ಬರಿಗೈಯಲ್ಲಿ ಬರಬಾರದು, ಒಂದು ಕೊತ್ತಂಬರಿ ಕಟ್ಟಾದರೂ ತರಬೇಕು ಅನ್ನುವುದು ಈ ಮನೆಯ ಪದ್ಧತಿ. ಅತ್ತೆ, "ಇಷ್ಟೊತ್ತು ನಿಂತೇನಿ, ಮ್ಯಾಟ್ರಿಕ್ ಪಾಸ್ ಆದವ್ರಿಗೆ ಕೊಡ್ತಿದ್ರ ಅದನ್ನ ಒಂದ್ ಕೊಡಪಾ" ಅಂದರಂತೆ. ಕೊಟ್ಟರು! ಮಗನ ಪ್ರಮಾಣಪತ್ರ ಮರೆತೇ ಹೋಯಿತು.

ಮೊದಲ ವರ್ಷ ಓದದವರು ವಿಭಾಗದಲ್ಲೊಂದು ಪರೀಕ್ಷೆ ಕೊಟ್ಟು ನೇರ ಎರಡನೇ ವರ್ಷಕ್ಕೆ ಸೇರಬಹುದಿತ್ತು. ಹಾಗಾಗಿ ನನಗೆ ಅಡಿಗೆಮನೆಯಲ್ಲೇ ಪಾಠ ಶುರುವಾಯಿತು. ಹೊಸ ಸೊಸೆಗೆ ಉಪ್ಪು ಎಲ್ಲಿದೆ, ಸಾಸಿವೆ ಎಲ್ಲಿದೆ ಎಂದು ತೋರಿಸುವುದು ಬಿಟ್ಟು ಅತ್ತೆ ಒಂದೊಂದು ರೊಟ್ಟಿ ಬಡಿಯುವಾಗಲೂ ಒಂದೊಂದು ಶಬ್ದ ಹೇಳಿಸುತ್ತಿದ್ದರು. ರೊಟ್ಟಿ ಹರಿದರೆ ಮಾಫಿ, ಶಬ್ದ ತಪ್ಪಿದರೆ ಇಲ್ಲ.

"ಬಟಾಟಿಗೆ ಏನಂತಾರು?"

"ಗೊತ್ತಿಲ್ರಿ ಅತ್ತಿ."

"ಬಟಾಟಾ! ಚಾವಿಗೆ?"

"ಗೊತ್ತಿಲ್ರಿ."

"ಶಾವ್! ಬಾಲ್ದಿ ಅಂದ್ರ ಬಾಲ್ದ್. ಪಗಾರ ಅಂದ್ರೂ ಅವರದ ಮಾತಂತ. ನೋಡವಾ, ನಮ್ಮ ಅಡಿಗಿ ಮನ್ಯಾಗಿಂದ ಒಯ್ದು ನಮಗ ಫೀ ಹಚ್ಚಿ ಕಲಿಸ್ತಾರ!"

ಅವರು ನಮ್ಮಿಂದ ಒಯ್ದದ್ದಲ್ಲ, ನಾವೇ ಅವರಿಂದ ತಂದದ್ದು ಎಂದು ಹೇಳಲು ಹೋಗಿ ಬೈಸಿಕೊಂಡೆ. ಆದರೂ ಹೇಗೋ ಪರೀಕ್ಷೆ ಪಾಸಾದೆ. ಅತ್ತೆ ಒಬ್ಬರು, ನಾನು ಒಬ್ಬಳು. ಮೊದಲ ವರ್ಷದಲ್ಲಿ ಅತ್ತೆಯ ಜೊತೆ ಓದಿದ್ದ, ನಮ್ಮ ಓಣಿಯ ನಿವೃತ್ತ ಸ್ಟೇಷನ್ ಮಾಸ್ತರರು ಇನ್ನೊಬ್ಬರು. ಅವರನ್ನು ಅತ್ತೆ ಹೇಗೆ ಒಪ್ಪಿಸಿದರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಯಜಮಾನರು ಕೆಲಸ ಮುಗಿಸಿ ಬರುವುದೇ ರಾತ್ರಿ, ಅವರು ಲೆಕ್ಕಕ್ಕಿಲ್ಲ. ಇನ್ನು ನಾಲ್ಕನೆಯವರು ಯಾರು?

ನಮ್ಮ ಮಾವ!

ಕೇಳಿ ನನ್ನ ಕೈಯಲ್ಲಿದ್ದ ತಂಬಿಗೆ ಜಾರಿತು. ಮಾವ ದಿನಾ ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಹಿಡಿದು ಹೋಗಿ, ಹತ್ತಿಯ ಅಂಡಿಗೆಗಳ ನಡುವೆ ಕೂತು, ಸಂಜೆ ತಲೆತುಂಬ ಹತ್ತಿಯ ಎಳೆ ಹೊತ್ತು ಬರುವ ಮನುಷ್ಯ. ಕನ್ನಡದಲ್ಲೇ ದಿನಕ್ಕೆ ನಾಲ್ಕು ಮಾತು ಹೆಚ್ಚೆನ್ನುವವರು. "ಈ ವಯಸ್ಸಿನ್ಯಾಗ ನನಗ್ಯಾಕ ಆ ಉಸಾಬರಿ?" ಅಂದುಬಿಟ್ಟರು. ಅತ್ತೆ ವಾದಿಸಲಿಲ್ಲ. ಮರುದಿನದಿಂದ ಗಂಡನ ಜೊತೆ ಕನ್ನಡ ಮಾತಾಡುವುದನ್ನೇ ಬಿಟ್ಟರು.

ಚಹಾಕ್ಕೆ ತೊಂದರೆಯಾಗಲಿಲ್ಲ, ಆ ಭಾಷೆಯಲ್ಲೂ ಅದಕ್ಕೆ ಹೆಚ್ಚುಕಡಿಮೆ ಹಾಗೇ ಅನ್ನುತ್ತಾರಂತೆ. ಫಜೀತಿ ಶುರುವಾದದ್ದು ಊಟದಲ್ಲಿ. ಮಾವ "ಇನ್ನೊಂದ್ ರೊಟ್ಟಿ ಹಾಕು" ಅಂದರೆ ಅತ್ತೆ ಕಿವುಡರಂತೆ ಗೋಡೆ ನೋಡುತ್ತಾ ಕೂರುವುದು! ನಾನು ಹಾಕಲು ಹೋದರೆ ಕಣ್ಣು ಬಿಡುವುದು! ನನ್ನ ಯಜಮಾನರು ನಡುವೆ ಬಂದರೆ ಅವರ ತಾಟೂ ಖಾಲಿ! ಮಾವ ಕೆಲವು ದಿನ ಹುಬ್ಬಳ್ಳಿಯಲ್ಲೇ ಊಟ ಮಾಡಿ ಬಂದರು. ಆದರೆ ಖಾನಾವಳಿಯ ರೊಟ್ಟಿ ಎಷ್ಟು ದಿನ ಇಳಿದೀತು? ಒಂದು ಸಂಜೆ ತಲೆ ತಗ್ಗಿಸಿಕೊಂಡು, ಸಣ್ಣ ದನಿಯಲ್ಲಿ "ಮಾಯ್ಶ್" ಅಂದರು. ಇನ್ನಷ್ಟು ಅಂತ ಅದರ ಅರ್ಥ. ಅತ್ತೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ಇಟ್ಟು, "ಆತಲ್ಲ! ಪರೀಕ್ಷಾ ಪಾಸ್ ಆಗೂವಷ್ಟು ಬಂತು" ಎಂದು ಅರ್ಜಿ ಮುಂದಿಟ್ಟರು.

ಅಂತೂ ಸಂಜೆಯ ತರಗತಿ ಶುರುವಾಯಿತು. ಮುಂದಿನ ಬೆಂಚಿನಲ್ಲಿ ಅತ್ತೆ, ಹಿಂದೆ ನಾನು, ಕಿಟಕಿಯ ಪಕ್ಕ ಸ್ಟೇಷನ್ ಮಾಸ್ತರರು, ಕೊನೆಯ ಬೆಂಚಿನಲ್ಲಿ ತೂಕಡಿಸುವ ಮಾವ. ಪಾಠ ಹೇಳುವವರು ಗೋವಾ ಕಡೆಯ ಒಬ್ಬ ವಯಸ್ಸಾದ ಮೇಡಂ. ಬೆಳ್ಳಗಿನ ಕೂದಲು, ಮೊಣಕಾಲು ಮುಚ್ಚುವ ಫ್ರಾಕು, ತೆಳ್ಳಗಿನ ದನಿ. ಮದುವೆಯಿಲ್ಲ. ಮನೆಯಲ್ಲಿ ಪೋರ್ಚುಗೀಸನ್ನೇ ಆಡುತ್ತ ಬೆಳೆದವರು, ತಾಯಿಯ ಜೊತೆ ಯಾವ ಕಾಲದಲ್ಲೋ ಧಾರವಾಡಕ್ಕೆ ಬಂದವರು, ತಾಯಿ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಕನ್ನಡ ನಮ್ಮ ಹಾಗೇ ಮಾತಾಡುತ್ತಿದ್ದರು. ಇಡೀ ವಿಶ್ವವಿದ್ಯಾಲಯ ಅವರನ್ನು ಮೇಡಂ ಅನ್ನುತ್ತಿತ್ತು. ಅತ್ತೆ ಮಾತ್ರ, ಕನ್ನಡ ಸಾಲಿಯ ಒಂದನೇ ಇಯತ್ತೆಯಲ್ಲಿ ಕೂತವರ ಹಾಗೆ, "ಅಕ್ಕೋರ" ಅನ್ನುತ್ತಿದ್ದರು.

ಎರಡನೇ ವರ್ಷವೆಂದರೆ ನಮಸ್ಕಾರ ಚಮತ್ಕಾರ ಅಲ್ಲ, ಮಾತಾಡಬೇಕು. ಒಂದು ದಿನ ಹೋಟೆಲಿನ ಪಾಠ. ಅಕ್ಕೋರು ಮಾಣಿ, ಅತ್ತೆ ಗಿರಾಕಿ. ಹುರಿದ ಮೀನು, ಒಂದು ಗ್ಲಾಸು ವೈನು ತನ್ನಿ ಎಂದು ಪುಸ್ತಕದಲ್ಲಿತ್ತು. ಅತ್ತೆ ಪುಸ್ತಕ ಮುಚ್ಚಿದರು.

"ಅಕ್ಕೋರ, ನಾ ಮೀನ ತರ್ರಿ ಅಂತ ಯಾ ಭಾಷಾದಾಗೂ ಅನ್ನಂಗಿಲ್ರಿ."

"ಖರೇ ಮೀನ ಎಲ್ಲಿ ಬರತೈತ್ರಿ? ಇದು ಬರೇ ಅಭ್ಯಾಸಕ್ಕ."

"ಅಭ್ಯಾಸ ಅಂದ್ರ ಇನ್ನೂ ಹೆದರಿಕಿ ರೀ! ಅಭ್ಯಾಸ ಆತಂದ್ರ ಮುಂದ ಬಿಡಸವ್ರು ಯಾರು?"

ಕೊನೆಗೆ ಅತ್ತೆ ತಮಗೆ ಬರುವ ಪೋರ್ಚುಗೀಸಿನಲ್ಲೇ, ಬದನೆಕಾಯಿ ಎಣ್ಣೆಗಾಯಿ ಇಲ್ಲದ ಇದೆಂಥ ಹೋಟೆಲು, ಮಾಲೀಕರನ್ನು ಕರೆಯಿರಿ ಎಂದು ಮಾಣಿಯ ಮೇಲೆ ಹರಿಹಾಯ್ದರು. ಕ್ರಿಯಾಪದಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಅಕ್ಕೋರು ಬಿಡಲಿಲ್ಲ, ನಮ್ಮ ಹೋಟೆಲಿನಲ್ಲಿ ಇರುವುದೇ ಇಷ್ಟು, ಬೇಕಾದರೆ ತಿನ್ನಿ ಎಂದು ಅವರೂ ದನಿ ಏರಿಸಿದರು. ಕೊನೆಯ ಬೆಂಚಿನಲ್ಲಿ ಮಾವ ಬೆಚ್ಚಿ ಎದ್ದು, ಮನೆಯಲ್ಲೇ ಇದ್ದೇನೆಂದು ತಿಳಿದು ಚಪ್ಪಲಿ ಹುಡುಕತೊಡಗಿದರು. ನನಗೋ ನಾಚಿಕೆ. ಅಕ್ಕೋರ ಮುಖ ನೋಡಿದರೆ ಅರಳಿಬಿಟ್ಟಿದೆ! ವಿದ್ಯಾರ್ಥಿನಿ ಹೀಗೆ ಒದರಾಡಿದರೆ ಯಾವ ಶಿಕ್ಷಕರಾದರೂ ಖುಷಿಪಡುತ್ತಾರೆಯೇ? ನನಗೆ ಅರ್ಥವಾಗಲಿಲ್ಲ.

ಎಲ್ಲ ಸುಸೂತ್ರ ಅನ್ನುವಷ್ಟರಲ್ಲಿ ಸ್ಟೇಷನ್ ಮಾಸ್ತರರು ಬಾಂಬು ಹಾಕಿದರು. ಪುಣೆಯಲ್ಲಿದ್ದ ಮಗಳಿಗೆ ಹೆರಿಗೆ ಹತ್ತಿರ ಬಂದಿತ್ತು, ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಹೊರಟುನಿಂತಿದ್ದರು. ಮಾಸ್ತರರ ಹೆಂಡತಿಗೆ ಸೊಂಟನೋವು, ಬಗ್ಗಿ ಕೂಸಿಗೆ ಎರೆಯಲು ಆಗುವುದಿಲ್ಲ, ಅಲ್ಲಾದರೆ ಆಳು ಸಿಗುತ್ತಾರೆ ಅನ್ನುವುದು ಅವರ ಲೆಕ್ಕ. ಅವರು ಹೋದರೆ ಉಳಿಯುವುದು ಮೂವರು. ವಿಭಾಗದವರು ತರಗತಿ ಮುಚ್ಚುತ್ತೇವೆಂದು ಆಗಲೇ ಹೇಳಿಯೂ ಆಗಿತ್ತು. ಅತ್ತೆ ಊಟ ಬಿಟ್ಟರು. ಅವರನ್ನು ಹಾಗೆ ನಾನು ನೋಡಿರಲೇ ಇಲ್ಲ. ಎರಡು ಹೊತ್ತು ಸುಮ್ಮನೆ ಕೂತವರು, ಮೂರನೇ ಹೊತ್ತಿಗೆ ಎದ್ದು ಎಸ್.ಟಿ.ಡಿ. ಬೂತಿಗೆ ನಡೆದು ಪುಣೆಗೆ ಫೋನು ಹಚ್ಚಿದರು.

"ನೋಡವಾ ತಂಗಿ, ಚೊಚ್ಚಿಲ ಹೆರಿಗಿ ತವರಮನ್ಯಾಗ ಆಗಬೇಕು. ನೀ ಇಲ್ಲೇ ಬಾ. ಕೂಸಿಗೆ ನಾ ಎರಿತೇನಿ, ನಿನಗ ಅಳ್ವಿ ಪಾಯಸ ನಾ ಮಾಡಿ ಹಾಕ್ತೇನಿ. ನಿಮ್ಮಪ್ಪನ್ನ ಮಾತ್ರ ಊರ ಬಿಡಿಸಬ್ಯಾಡ!"

ಯಾರದೋ ಮಗಳ ಬಾಣಂತನವನ್ನು ಪೋರ್ಚುಗೀಸಿಗಾಗಿ ಮೈಮೇಲೆ ಹಾಕಿಕೊಂಡ ಹೆಂಗಸು ಈ ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ದಯವಿಟ್ಟು ತೋರಿಸಿ! ಆ ಹುಡುಗಿ ಬಂದಳು, ಹೆತ್ತಳು. ದಿನಾ ಬೆಳಿಗ್ಗೆ ಅತ್ತೆ ಮಾಸ್ತರರ ಮನೆಯ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲಮೇಲೆ ಹಾಕಿಕೊಂಡು, ಎಣ್ಣೆ ಹಚ್ಚಿ ಬಿಸಿನೀರು ಎರೆಯುತ್ತ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತಿದ್ದರು. ನಾನು ಹೋದೆ, ನೀನು ಹೋದೆ, ಅವನು ಹೋದನು. ಕೂಸು ಅಳು ನಿಲ್ಲಿಸಿ ಬೆರಗಿನಿಂದ ನೋಡುತ್ತಿತ್ತು. ಮಾಸ್ತರರ ಹೆಂಡತಿ ಒಳಗಿನಿಂದ, "ನಮ್ಮ ಕೂಸು ಮೊದಲ ಯಾವ ಮಾತ ಆಡತೈತೋ ಏನೋ, ಶಿವನ!" ಎಂದು ಗೊಣಗುತ್ತಿದ್ದರು. ಮಾಸ್ತರರಂತೂ ಒಂದು ತರಗತಿಯನ್ನೂ ತಪ್ಪಿಸಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಗಂಭೀರ ಪ್ರಾಧ್ಯಾಪಕರು ಬಂದಿದ್ದರು. ಮಾವನ ಪಾಲಿಗೆ ಬಂದದ್ದು ಸಂತೆಯ ವ್ಯಾಪಾರ. ಪರೀಕ್ಷಕರು ಕೊಳ್ಳುವವರು, ಮಾವ ಮಾರುವವರು. ಕಿತ್ತಳೆ ಹಣ್ಣಿಗೆ ಎಷ್ಟು ಎಂದು ಅವರು ಪೋರ್ಚುಗೀಸಿನಲ್ಲಿ ಕೇಳಿದರು. ಮಾವನಿಗೆ ಪ್ರಶ್ನೆ ತಿಳಿಯಿತು, ದರವೂ ಮನಸ್ಸಿನಲ್ಲಿತ್ತು, ಸಂಖ್ಯೆ ಮಾತ್ರ ನಾಲಿಗೆಗೆ ಬರಲಿಲ್ಲ. ಬೆವರಿದರು. ಅತ್ತೆ ಬಾಗಿಲ ಸಂದಿಯಿಂದ ತುಟಿ ಆಡಿಸಿದರು. ಉಪಯೋಗವಾಗಲಿಲ್ಲ. ಆಗ ಮಾವ ಏನು ಮಾಡಿದರು ಗೊತ್ತೇ? ಹೆಗಲ ಮೇಲಿನ ಟಾವೆಲ್ ತೆಗೆದು, ಪ್ರಾಧ್ಯಾಪಕರ ಬಲಗೈಯ ಮೇಲೆ ಹಾಸಿ, ಅದರ ಕೆಳಗೆ ತಮ್ಮ ಕೈ ತೂರಿಸಿ, ಅವರ ಬೆರಳುಗಳನ್ನು ಒತ್ತಿದರು!

ದಲಾಲರು ಪೇಟೆಯಲ್ಲಿ ಸುತ್ತಲಿನವರಿಗೆ ಗೊತ್ತಾಗದಂತೆ ದರ ಕುದುರಿಸುವುದೇ ಹಾಗೆ. ಬಟ್ಟೆಯ ಕೆಳಗೆ ಬೆರಳುಗಳೇ ಮಾತಾಡುತ್ತವೆ. ಪಾಪ, ಆ ಪ್ರಾಧ್ಯಾಪಕರಿಗೆ ಏನು ಗೊತ್ತು? ಮುಖ ಕೆಂಪಗಾಗಿ ಕೈ ಕಿತ್ತುಕೊಳ್ಳಲು ನೋಡಿದರು. ಮಾವ ಬಿಡಲಿಲ್ಲ, ಇನ್ನೊಂದು ಬೆರಳು ಒತ್ತಿ ದರ ಇಳಿಸಿದರು! ಅಕ್ಕೋರು ಓಡಿಬಂದು ಪೋರ್ಚುಗೀಸಿನಲ್ಲಿ ಎಲ್ಲ ವಿವರಿಸಿದ ಮೇಲೆ ಪ್ರಾಧ್ಯಾಪಕರು ನಕ್ಕದ್ದು ನಕ್ಕದ್ದೇ. ತಮ್ಮ ಮುಂದೆ ನಿಜವಾಗಿ ವ್ಯಾಪಾರ ಮಾಡಿದವರು ಇವರೊಬ್ಬರೇ ಎಂದು ಪಾಸು ಮಾಡಿಬಿಟ್ಟರು. ಮಾವ ಹೊರಗೆ ಬಂದು, "ಗಟ್ಟಿ ಗಿರಾಕಿ. ಇನ್ನೂ ಇಳಿಸ್ತಿದ್ದ" ಅಂದರು.

ಫಲಿತಾಂಶ ಬಂತು. ನಾವು ನಾಲ್ವರೂ ಪಾಸು. ಅತ್ತೆ ಶೇಂಗಾ ಹೋಳಿಗೆ ಮಾಡಿ, ಡಬ್ಬಿಗೆ ತುಂಬಿ, ನನ್ನನ್ನು ಕರೆದುಕೊಂಡು ಅಕ್ಕೋರ ಮನೆಗೆ ಹೊರಟರು. ಅಕ್ಕೋರು ಕೆಲಗೇರಿಯ ಕಡೆ, ಕೆರೆಯ ಗಾಳಿ ಬೀಸುವ ಒಂದು ಬಾಡಿಗೆ ಮನೆಯಲ್ಲಿದ್ದರು. ಸಂಜೆ ಹೊತ್ತು. ಕೆರೆಯ ದಂಡೆಯ ಮೇಲೆ ನಡೆಯುತ್ತ ನಾನು ಕೊನೆಗೂ ಕೇಳಿಯೇಬಿಟ್ಟೆ.

"ಅತ್ತಿ, ಖರೇ ಹೇಳ್ರಿ. ಇದೆಲ್ಲಾ ಯಾಕ ಮಾಡಿದ್ರಿ?"

ಅತ್ತೆ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ಮೊದಲ್ನೇ ವರ್ಷದ ಕಡೀ ದಿನ ಎಲ್ಲಾರೂ ಅಕ್ಕೋರಿಗೆ ಕೈ ಮುಗದು ಹೊಂಟಿವಿ. ನನ್ನ ಛತ್ರಿ ಮರ್ತಿತ್ತು, ತಿರುಗಿ ಹೋದೆ. ಖಾಲಿ ಕ್ವಾಣ್ಯಾಗ ಅಕ್ಕೋರು ಒಬ್ರ ಕುಂತು ಮಾತಾಡಾಕತ್ತಿದ್ರು. ತಾವ ಕೇಳೂದು, ತಾವ ಉತ್ತರ ಹೇಳೂದು. ನಗೂದು ಬ್ಯಾರೆ. ನನಗ ತಿಳದಿದ್ದು ಅದ್ರಾಗ ಒಂದ ನಮಸ್ಕಾರ. ಮುಂದಿಂದು ಏನೂ ತಿಳೀಲಿಲ್ಲ."

"ಮತ್ತ ಛತ್ರಿ?" ಅಂದೆ.

"ಛತ್ರಿ ಅಲ್ಲೇ ಬಿಟ್ಟು ಬಂದೆ" ಅಂದರು ಅತ್ತೆ. "ಎಲ್ಲಾರೂ ನಮಸ್ಕಾರಕ್ಕ ನಿಂತ್ರ ಆಕಿ ಯಾರ ಕೂಡ ಮಾತಾಡ್ಬೇಕು, ಹೇಳು?"

ಅಕ್ಕೋರ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು, ಮೇಜಿನ ಮುಂದೆ ಕೂತು ಚಹಾದಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದರು. ನಮ್ಮನ್ನು ನೋಡಿ ಸಂಭ್ರಮದಿಂದ ಎದ್ದರು. ಅತ್ತೆ ನಮಸ್ಕಾರವನ್ನೂ ಹೇಳಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, ಸೀದಾ ಪೋರ್ಚುಗೀಸಿನಲ್ಲಿ ಶುರುಮಾಡಿಬಿಟ್ಟರು! ಈ ಕೆಮ್ಮು ಯಾವಾಗಿನಿಂದ? ಸ್ವೆಟರ್ ಎಲ್ಲಿ? ಈ ಗಾಳಿಯಲ್ಲಿ ಕಿಟಕಿ ಯಾಕೆ ತೆಗೆದಿದ್ದೀರಿ? ಊಟದ ಹೊತ್ತಿಗೆ ಬ್ರೆಡ್ಡು ತಿಂದು ಯಾರಾದರೂ ಬದುಕುತ್ತಾರೆಯೇ?

ಅಕ್ಕೋರು ಮೊದಲು ದಂಗಾದರು. ಆಮೇಲೆ ಅವರಿಗೂ ಸಿಟ್ಟು ಬಂತು. ನನ್ನ ಮನೆ, ನನ್ನ ಕಿಟಕಿ, ನಿಮಗೇನು, ನಾನು ನಿಮ್ಮ ಗುರು ಎಂದರು. ಗುರು ಕ್ಲಾಸಿನಲ್ಲಿ, ಇಲ್ಲಿ ಅಲ್ಲ ಎಂದರು ಅತ್ತೆ. ಅಷ್ಟು ಸಿಟ್ಟಿನಲ್ಲೂ ಅಕ್ಕೋರು ಅತ್ತೆಯ ಒಂದು ಕ್ರಿಯಾಪದ ತಿದ್ದಿದರು. ಅತ್ತೆ ತಿದ್ದಿದ್ದನ್ನು ಒಮ್ಮೆ ಸರಿಯಾಗಿ ಹೇಳಿ, ಮತ್ತೆ ಬೈಯತೊಡಗಿದರು. ದನಿ ಏರುತ್ತಲೇ ಹೋಯಿತು. ಪಾಸಾದ ದಿನವೇ ಗುರುಗಳ ಮನೆಗೆ ಬಂದು ಜಗಳವೇ? ನಾನು ನಡುವೆ ನುಗ್ಗಿದೆ.

"ಅತ್ತಿ, ಸಾಕ್ ಬಿಡ್ರಿ! ಅಕ್ಕೋರ, ತಪ್ಪ ತಿಳ್ಕೋಬ್ಯಾಡ್ರಿ..."

ಅಕ್ಕೋರು ನನ್ನ ಕೈ ಹಿಡಿದು ನಿಲ್ಲಿಸಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ನಿಲ್ಲಸಬ್ಯಾಡವಾ" ಅಂದರು, ಕನ್ನಡದಲ್ಲಿ. "ಬೈಲಿ. ನಮ್ಮವ್ವ ಹೋದಮ್ಯಾಲ ನನ್ನ ಮಾತಿನ್ಯಾಗ ನನಗ ಯಾರೂ ಬೈದಿಲ್ಲ."

ಅತ್ತೆ ಹೋಗಿ ಕಿಟಕಿ ಮುಚ್ಚಿದರು. ಸೊಂಟಕ್ಕೆ ಕೈ ಕೊಟ್ಟು ತಿರುಗಿ ಮತ್ತೆ ಶುರು ಮಾಡಿದರು. ಈ ಸಲ ಕ್ರಿಯಾಪದಗಳೆಲ್ಲ ತಪ್ಪುತ್ತಿದ್ದವು. ಅಕ್ಕೋರು ಒಂದನ್ನೂ ತಿದ್ದಲಿಲ್ಲ. ಒಲೆಯ ಕಡೆ ನೋಡಿದೆ. ಹಾಲು ಉಕ್ಕಿ ಹರಿಯುತ್ತಿತ್ತು, ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ. ನಾನು ಓಡಿಹೋಗಿ ಅದನ್ನು ಇಳಿಸಿ, ಹಾಲಿಟ್ಟು ಮರೆಯುವುದೆಂದರೇನು, ಬುದ್ಧಿ ಬೇಡವೇ ಎಂದು ನನಗೆ ಬರುವಷ್ಟು ಪೋರ್ಚುಗೀಸಿನಲ್ಲಿ ಅಕ್ಕೋರನ್ನು ಗದರಿದೆ.